ಯುನೈಟೆಡ್‌ಗೆ ಮುಂದಿನ ಮ್ಯಾನೇಜರ್ ಯಾರು? ಕೋಲಾರದ ಮೂರು ಪಾರ್ಟಿಯ ಜಗಳಕ್ಕೆ ನನ್ನ ಉತ್ತರ

ಪ್ರಶ್ನೆ: ಸರ್, ನಾವು ಕೋಲಾರದ ಹುಡುಗರು, ಎಲ್ಲರೂ ಮ್ಯಾಂಚೆಸ್ಟರ್ ಯುನೈಟೆಡ್ ಫ್ಯಾನ್ಸ್. ಮ್ಯಾನೇಜರ್ ಅಮೋರಿಮ್ ಹೋದ್ಮೇಲೆ ನಮ್ಮಲ್ಲೇ ಮೂರು ಪಾರ್ಟಿ ಆಗ್ಬಿಟ್ಟಿದೆ. ಒಂದು ಗುಂಪು ಜಿಡಾನ್ ಥರ ದೊಡ್ಡ ಹೆಸರು ಬರ್ಲಿ ಅಂತಾರೆ, ಇನ್ನೊಂದು ಗುಂಪು ಗ್ಲಾಸ್ನರ್ ಇಲ್ಲಾಂದ್ರೆ ಇರಾವೊಲಾ, ಮೂರನೇವ್ರು ತಾತ್ಕಾಲಿಕವಾಗಿ ಬಂದ ಕ್ಯಾರಿಕ್‌ನೇ ಪರ್ಮನೆಂಟ್ ಮಾಡಿ ಅಂತ. ಇಷ್ಟು ದುಡ್ಡು ಸುರಿದ್ರೂ ಟೀಮ್ ಯಾಕೆ ಸೆಟ್ ಆಗ್ತಿಲ್ಲ? ಹೊಸಬ್ರು ಬಂದು ಕೇಳಿದ ಪ್ಲೇಯರ್‌ಗಳನ್ನೆಲ್ಲ ಕೊಡಿಸ್ಬೇಕಾ? ದುಡ್ಡಿಗೋಸ್ಕರ ನಮ್ಮ ಅಕಾಡೆಮಿ ಹುಡುಗ, ಮಿಡ್‌ಫೀಲ್ಡರ್ ಮೈನೂನ ಮಾರೋದು ಸರೀನಾ?

ಉತ್ತರ:

ಮೂರೂ ಪಾರ್ಟಿಯವರಿಗೂ ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ, ಆಮೇಲೆ ಬಿಡಿಸಿ ಹೇಳ್ತೀನಿ. ಯಾರು ಬರ್ಬೇಕು ಅನ್ನೋದು ಎರಡನೇ ಪ್ರಶ್ನೆ. ಕ್ಲಬ್ಬು ಯಾವ ಥರ ಆಡ್ಬೇಕು, ಪ್ಲೇಯರ್ ತಗೊಳ್ಳೋದ್ರಲ್ಲಿ ಕೊನೇ ಮಾತು ಯಾರ್ದು, ಇವೆರಡು ಮೊದ್ಲು ತೀರ್ಮಾನ ಆಗ್ಬೇಕು, ಆಮೇಲೆ ಅದಕ್ಕೆ ಹೊಂದೋ ಮನುಷ್ಯನ್ನ ಹುಡುಕ್ಬೇಕು. ಯುನೈಟೆಡ್ 2013ರಿಂದ ಇದನ್ನ ತಲೆಕೆಳಗೆ ಮಾಡ್ಕೊಂಡು ಬಂದಿದೆ, ಮೊದ್ಲು ಮನುಷ್ಯನ್ನ ಕರೆಸೋದು, ಅವರು ಕೇಳಿದ್ದನ್ನ ತರೋದು, ಅವರು ಹೋದ್ಮೇಲೆ ತಂದಿದ್ದನ್ನೆಲ್ಲ ಏನ್ ಮಾಡೋದು ಅಂತ ಕೈ ಕೈ ಹಿಸುಕ್ಕೊಳ್ಳೋದು.

ಇದಕ್ಕೆ ಮೂಲ ಹಳೇ ಮ್ಯಾನೇಜರ್ ಫರ್ಗುಸನ್ ಕಾಲದಲ್ಲೇ ಇದೆ, ಆದ್ರೆ ಅದು ಅವರ ತಪ್ಪಲ್ಲ. 1986ರ ನವೆಂಬರ್‌ನಲ್ಲಿ ಬಂದು 2013ರ ಮೇವರೆಗೆ ಇದ್ದು 13 ಲೀಗ್ ಗೆದ್ದುಕೊಟ್ಟ ಮನುಷ್ಯ, ಸ್ಕೌಟಿಂಗ್, ಅಕಾಡೆಮಿ, ಯಾರನ್ನ ಮಾರ್ಬೇಕು ಯಾರನ್ನ ಇಟ್ಕೋಬೇಕು, ಎಲ್ಲ ಅವರ ತಲೇಲೇ ಇತ್ತು. ಅವರ ಜೊತೆ ದುಡ್ಡಿನ ಕಡೆ ನೋಡ್ಕೊಳ್ತಿದ್ದ ಡೇವಿಡ್ ಗಿಲ್ ಕೂಡ ಅದೇ ಬೇಸಿಗೇಲಿ ಹೊರಟ್ರು. ಒಂದೇ ಸಲ ಇಬ್ರೂ ಹೋದ್ರು, ಹಿಂದೆ ವ್ಯವಸ್ಥೆ ಅಂತ ಏನೂ ಉಳೀಲಿಲ್ಲ. ಯೂರೋಪಿನ ದೊಡ್ಡ ದೊಡ್ಡ ಕ್ಲಬ್ಬಲ್ಲೆಲ್ಲ ಪ್ಲೇಯರ್ ಕೊಳ್ಳೋದು ಮಾರೋದು ನೋಡ್ಕೊಳ್ಳೋಕೆ ಸ್ಪೋರ್ಟಿಂಗ್ ಡೈರೆಕ್ಟರ್ ಇಟ್ಕೊಂಡು ಎಷ್ಟೋ ವರ್ಷ ಆಗಿತ್ತು, ಯುನೈಟೆಡ್ ಮೊದಲ ಸಲ ಫುಟ್‌ಬಾಲ್ ಡೈರೆಕ್ಟರ್ ಅಂತ ಒಬ್ಬರನ್ನ ನೇಮಿಸಿದ್ದು 2021ರಲ್ಲಿ. ಅಂದ್ರೆ ಎಂಟು ವರ್ಷ ಆ ಕುರ್ಚೀನೇ ಇರ್ಲಿಲ್ಲ.

ಆ ಎಂಟು ವರ್ಷದಲ್ಲಿ, ಅದರ ಹಿಂದೇನೇ ಏನಾಯ್ತು ನೋಡಿ. ಫರ್ಗುಸನ್ ಜಾಗಕ್ಕೆ ಬಂದ ಮೋಯೆಸ್‌ಗೆ 6 ವರ್ಷದ ಕಾಂಟ್ರಾಕ್ಟ್ ಕೊಟ್ಟು ಹತ್ತು ತಿಂಗಳಿಗೆ ಕಳಿಸಿದ್ರು. ವಾನ್ ಹಾಲ್ ಬಾಲ್ ಇಟ್ಕೊಂಡು ತಾಳ್ಮೆಯಿಂದ ಆಡಿಸೋರು, ಅವರಿಗೆ 2014ರಲ್ಲಿ ಸುಮಾರು 60 ಮಿಲಿಯನ್ ಪೌಂಡ್ ಕೊಟ್ಟು ಡಿ ಮರಿಯಾನ ತಂದ್ರು, ಓಡೋ ಪ್ಲೇಯರ್‌ನ ಪಾಸಿಂಗ್ ಟೀಮಲ್ಲಿ ಕೂರಿಸಿದ್ರು, ಒಂದೇ ಸೀಸನ್, ಪ್ಯಾರಿಸ್‌ಗೆ ಹೋದ. ಮೌರಿನ್ಯೋ ಬಂದ್ರು, ಅವರ ಆಟ ಪೂರ್ತಿ ಬೇರೆ. ಆಗ 2012ರಲ್ಲಿ ಇದೇ ಕ್ಲಬ್ಬಿಂದ ಫ್ರೀ ಆಗಿ ಹೋಗಿದ್ದ ಪೊಗ್ಬಾನ 89 ಮಿಲಿಯನ್ ಕೊಟ್ಟು ವಾಪಸ್ ತಂದ್ರು, 2022ರಲ್ಲಿ ಅವನು ಮತ್ತೆ ಫ್ರೀ ಆಗೇ ಹೋದ. ಸೋಲ್ಶಾರ್ ಕಾಲದಲ್ಲಿ ಮಗ್ವಾಯರ್‌ಗೆ 80 ಮಿಲಿಯನ್, ಸ್ಯಾಂಚೊಗೆ 73. ಟೆನ್ ಹಾಗ್ ಬಂದ್ಮೇಲೆ ಅವರ ಹಳೇ ಕ್ಲಬ್ ಆಯಾಕ್ಸ್‌ನಲ್ಲಿ ಆಡಿದವರೇ ಸಾಲಾಗಿ ಬಂದ್ರು, ಲಿಸಾಂಡ್ರೊ, ಆಂಟನಿ, ಒನಾನ, ಡಿ ಲಿಗ್ಟ್, ಮಜ್ರಾವಿ. ಇವರಲ್ಲಿ ಕೆಟ್ಟ ಪ್ಲೇಯರ್ ಅಂತ ಎಲ್ಲರನ್ನೂ ಹೇಳೋಕಾಗಲ್ಲ, ಲಿಸಾಂಡ್ರೊ ನನಗಂತೂ ತುಂಬ ಇಷ್ಟ. ಆದ್ರೆ ಒಬ್ಬೊಬ್ಬ ಮ್ಯಾನೇಜರ್ ತಲೇಲಿದ್ದ ಟೀಮಿನ ಒಂದೊಂದು ತುಂಡು ಉಳ್ಕೊಂಡು, ಐದು ಬೇರೆ ಬೇರೆ ಟೀಮಿನ ತುಂಡುಗಳು ಒಂದೇ ಡ್ರೆಸ್ಸಿಂಗ್ ರೂಮಲ್ಲಿ ಸೇರ್ಕೊಂಡ್ವು. ದುಡ್ಡು ಸುರಿದ್ರೂ ಸೆಟ್ ಆಗ್ತಿಲ್ಲ ಯಾಕೆ ಅಂದ್ರಲ್ಲ, ಇದಕ್ಕೇ.

ಅಮೋರಿಮ್ ವಿಷಯದಲ್ಲಿ ಇದು ಎದ್ದು ಕಾಣ್ಸುತ್ತೆ, ಸ್ವಲ್ಪ ಹತ್ತಿರದಿಂದ ನೋಡೋಣ. ಅವರದ್ದು 3-4-2-1. ಹಿಂದೆ ಮೂರು ಸೆಂಟರ್ ಬ್ಯಾಕ್, ಎರಡೂ ಸೈಡಲ್ಲಿ ವಿಂಗ್‌ಬ್ಯಾಕ್, ಮಧ್ಯದಲ್ಲಿ ಇಬ್ರೇ ಇಬ್ರು, ಮುಂದೆ ಸ್ಟ್ರೈಕರ್ ಹಿಂದೆ ಒಳಗಡೆ ಆಡೋ ಇಬ್ರು. ಈ ಲೆಕ್ಕದಲ್ಲಿ ಗೆರೆ ಪಕ್ಕ ನಿಂತು ಫುಲ್‌ಬ್ಯಾಕ್‌ನ ಎದುರಿಸೋ ವಿಂಗರ್‌ಗೆ ಜಾಗಾನೇ ಇಲ್ಲ. 2024ರ ನವೆಂಬರ್‌ನಲ್ಲಿ ಅವರು ಬಂದಾಗ ಸ್ಕ್ವಾಡಲ್ಲಿ ಇದ್ದಿದ್ದು ಯಾರು? ರ‍್ಯಾಶ್‌ಫೋರ್ಡ್, ಗರ್ನಾಚೊ, ಆಂಟನಿ, ಅಮಾದ್, ಲೋನ್ ಮೇಲೆ ಬೇರೆ ಕ್ಲಬ್ಬಲ್ಲಿ ಆಡ್ತಿದ್ದ ಸ್ಯಾಂಚೊ. ಎಲ್ಲರೂ ವಿಂಗರ್‌ಗಳೇ. ವಿಂಗ್‌ಬ್ಯಾಕ್ ಅಂತ ಹುಟ್ಟಿ ಬೆಳೆದವನು ಒಬ್ಬನೂ ಇರ್ಲಿಲ್ಲ.

ನಾನು ಇಲ್ಲಿ ಮಕ್ಕಳಿಗೆ ಕೋಚಿಂಗ್ ಕೊಡೋವಾಗ ಮೂರು ಡಿಫೆಂಡರ್ ಇಟ್ಟು ಆಡಿಸಿ ನೋಡಿದೀನಿ, ಮೊದಲು ಸುಸ್ತಾಗೋದು ಯಾವಾಗ್ಲೂ ಸೈಡಲ್ಲಿರೋ ಇಬ್ರೇ. ಅಟ್ಯಾಕ್ ಅಂದ್ರೆ ಎದುರಾಳಿ ಬಾಕ್ಸ್‌ವರೆಗೆ ಓಡ್ಬೇಕು, ಬಾಲ್ ಕಳ್ಕೊಂಡ್ರೆ ತಮ್ಮ ಬಾಕ್ಸ್‌ವರೆಗೆ ವಾಪಸ್ ಓಡ್ಬೇಕು, ಒಂದ್ಸಲ ಲೇಟಾದ್ರೆ ಸೈಡ್ ಸೆಂಟರ್ ಬ್ಯಾಕ್ ಹೊರಗೆ ಬರ್ಬೇಕಾಗುತ್ತೆ, ಅವನು ಹೊರಗೆ ಬಂದ್ರೆ ಮಧ್ಯದಲ್ಲಿ ಬಾಯಿ ತೆರೆದ ಹಾಗೆ ಗ್ಯಾಪ್. ಇನ್ನು ಮಿಡ್‌ಫೀಲ್ಡಲ್ಲಿ ಇಬ್ರು, ಎದುರುಗಡೆ ಟೀಮ್ ಮೂರು ಜನ ಇಟ್ರೆ ಯಾವಾಗ್ಲೂ ಒಬ್ಬ ಖಾಲಿ ಇರ್ತಾನೆ. ಯುನೈಟೆಡ್ ಮ್ಯಾಚಲ್ಲಿ ಆ ಖಾಲಿ ಇರೋನಿಗೆ ಬಾಲ್ ಹೋಗಿದ್ದನ್ನ ನೀವೂ ಎಷ್ಟು ಸಲ ನೋಡಿಲ್ಲ? ಕ್ಯಾಸೆಮಿರೊಗೆ ಈ ವಯಸ್ಸಲ್ಲಿ ಅಷ್ಟು ಜಾಗ ಕವರ್ ಮಾಡೋಕಾಗಲ್ಲ, ಬ್ರೂನೋನ ಹಿಂದಕ್ಕೆ ಎಳ್ಕೊಂಡು ಬಂದು ಆ ಜಾಗದಲ್ಲಿ ನಿಲ್ಸಿದ್ರೆ ಗೋಲ್ ಹತ್ರ ಟೀಮಿನ ಬೆಸ್ಟ್ ಪಾಸರ್ ಇರಲ್ಲ. 2024-25ರಲ್ಲಿ 42 ಪಾಯಿಂಟು, 15ನೇ ಸ್ಥಾನ, ಬಿಲ್ಬಾವೊದಲ್ಲಿ ಟಾಟ್ಟನ್‌ಹ್ಯಾಮ್ ಎದುರು ಯುರೋಪಾ ಫೈನಲ್ಲೂ ಸೋತ್ವಿ.

ಇದರ ಜೊತೆಗೆ ಕ್ಲಬ್ಬು ಮಾಡಿದ್ದು ಇನ್ನೂ ನೋವಿನ ವಿಷಯ. ಆ ಶೇಪಿಗೋಸ್ಕರ ರ‍್ಯಾಶ್‌ಫೋರ್ಡ್‌ನ ಲೋನ್ ಕಳಿಸಿದ್ರು, ಗರ್ನಾಚೊನ ಚೆಲ್ಸಿಗೆ 40 ಮಿಲಿಯನ್‌ಗೆ ಮಾರಿದ್ರು, ಲೆಚ್ಚೆಯಿಂದ ಡೋರ್ಗುನ 25 ಮಿಲಿಯನ್ ಕೊಟ್ಟು ವಿಂಗ್‌ಬ್ಯಾಕ್ ಅಂತ ತಂದ್ರು, 2025ರ ಬೇಸಿಗೇಲಿ ಕುನ್ಯಾ, ಎಂಬ್ಯೂಮೊ, ಶೆಸ್ಕೊ ಅಂತ ಮುಂದಿನ ಸಾಲಿಗೇ 190 ಮಿಲಿಯನ್ ಮೇಲೆ ಹಾಕಿದ್ರು. ಮೂವರೂ ಒಳ್ಳೇ ಪ್ಲೇಯರ್ಸೇ. ಆದ್ರೆ ಓಡೋ ಮಿಡ್‌ಫೀಲ್ಡರ್ ಒಬ್ಬನನ್ನೂ ತರ್ಲಿಲ್ಲ! ಇಷ್ಟೆಲ್ಲ ಒಬ್ಬ ಮನುಷ್ಯನ ಸಿಸ್ಟಮ್‌ಗೆ ಅಂತ ಮಾಡಿ 2026ರ ಜನವರಿಯಲ್ಲಿ ಅವರನ್ನೇ ಕಳಿಸಿದ್ರು. ಹೋಗೋ ಮುಂಚೆ ಲೀಡ್ಸ್ ಮ್ಯಾಚ್ ಆದ್ಮೇಲೆ ಅವರೇ ಹೇಳಿದ್ರಲ್ಲ, ನಾನು ಬಂದಿರೋದು ಮ್ಯಾನೇಜರ್ ಆಗಿ, ಬರೀ ಕೋಚ್ ಆಗಿ ಅಲ್ಲ ಅಂತ. ಅಂದ್ರೆ ಒಂದು ವರ್ಷದ ಮೇಲಾದ್ರೂ ಯಾರ ಅಧಿಕಾರ ಎಲ್ಲಿವರೆಗೆ ಅನ್ನೋದು ಒಳಗಡೇನೇ ಇತ್ಯರ್ಥ ಆಗಿರ್ಲಿಲ್ಲ. ಇದನ್ನ ಕೆಲಸ ಕೊಡೋ ದಿನಾನೇ ಟೇಬಲ್ ಮೇಲೆ ಇಟ್ಟು ಮಾತಾಡ್ಬೇಕಿತ್ತು.

ಈಗ ದುಡ್ಡಿನ ವಿಷಯ. ಆಂಟನಿ ಒಬ್ಬನ ಲೆಕ್ಕ ಹಾಕಿ ಸಾಕು. 2022ರ ಸೀಸನ್ ಶುರು, ಬ್ರೈಟನ್ ಹತ್ರ 1-2 ಸೋಲು, ಬ್ರೆಂಟ್‌ಫೋರ್ಡ್ ಹತ್ರ 0-4 ಸೋಲು, ಪ್ಲೇಯರ್ ಕೊಳ್ಳೋ ವಿಂಡೋ ಮುಚ್ಚೋಕೆ ಎರಡೂವರೆ ವಾರ. ಆಗ ಕ್ಯಾಸೆಮಿರೊ ಬಂದ, ಆಮೇಲೆ ಆಂಟನಿ ಸುಮಾರು 82 ಮಿಲಿಯನ್‌ಗೆ, ಅಂದ್ರೆ 8 ಕೋಟಿ ಪೌಂಡ್ ಮೇಲೆ. ಕೋಲಾರದವರಿಗೆ ಇದನ್ನ ನಾನು ಹೇಳ್ಕೊಡ್ಬೇಕಾ, 2023ರ ಜುಲೈನಲ್ಲಿ ನಮ್ಮ ಎಪಿಎಂಸಿ ಮಂಡೀಲಿ 15 ಕೆಜಿ ಟೊಮೇಟೊ ಬಾಕ್ಸು 2000 ರೂಪಾಯಿ ದಾಟಿದಾಗ, ಇವತ್ತೇ ಲಾರಿ ತುಂಬಿಸ್ಲೇಬೇಕು ಅಂತ ಬಂದ ವ್ಯಾಪಾರಿ ಮುಖ ನೋಡಿದ್ರೇ ಮಾರೋರಿಗೆ ಗೊತ್ತಾಗ್ತಿತ್ತು, ಇವನು ಎಷ್ಟಾದ್ರೂ ಕೊಡ್ತಾನೆ ಅಂತ. ಆಯಾಕ್ಸ್‌ನವರಿಗೂ ಅವತ್ತು ಅದೇ ಗೊತ್ತಿತ್ತು.

ಆ ದುಡ್ಡು ಖಾತೇಲಿ ಹೇಗೆ ಕೂರುತ್ತೆ ಅಂದ್ರೆ, ಪ್ಲೇಯರ್ ಬೆಲೇನ ಕಾಂಟ್ರಾಕ್ಟ್ ವರ್ಷಗಳಿಗೆ ಹಂಚ್ತಾರೆ. 5 ವರ್ಷದ ಕಾಂಟ್ರಾಕ್ಟ್ ಅಂದ್ರೆ 82ನ್ನ 5ರಿಂದ ಭಾಗಿಸಿ, ವರ್ಷಕ್ಕೆ ಸುಮಾರು 16 ಮಿಲಿಯನ್ ಖರ್ಚು, ಸಂಬಳ ಬೇರೆ. ಮೂರು ವರ್ಷ ಆದ್ಮೇಲೂ ಪುಸ್ತಕದಲ್ಲಿ 33ರಷ್ಟು ಉಳಿದಿರುತ್ತೆ. 2025ರಲ್ಲಿ ಸ್ಪೇನಿನ ಬೆಟಿಸ್ ಕ್ಲಬ್ಬಿಗೆ ಮಾರಿದಾಗ ಬಂದಿದ್ದು ಸುಮಾರು 22 ಮಿಲಿಯನ್ ಯೂರೋ, ಪೌಂಡಲ್ಲಿ ಹತ್ತೊಂಬತ್ತು ಅನ್ಕೊಳ್ಳಿ. ಅಂದ್ರೆ ಮಾರಿದ ದಿನಾನೇ ಪುಸ್ತಕದಲ್ಲಿ ಹದಿನಾಲ್ಕು ಮಿಲಿಯನ್ ಹತ್ರ ನಷ್ಟ. ಪ್ರೀಮಿಯರ್ ಲೀಗಲ್ಲಿ ಮೂರು ವರ್ಷಕ್ಕೆ ಸೇರಿ 105 ಮಿಲಿಯನ್ ಮೇಲೆ ನಷ್ಟ ತೋರ್ಸೋ ಹಾಗಿಲ್ಲ ಅನ್ನೋ ರೂಲ್ ಇಷ್ಟು ದಿನ ಇತ್ತು, 2026-27ರಿಂದ ಅದರ ಜಾಗಕ್ಕೆ ಹೊಸ ರೂಲ್ ಬರುತ್ತೆ, ಸಂಬಳ, ಏಜೆಂಟ್ ಫೀಸು, ಈ ಹಂಚಿದ ಟ್ರಾನ್ಸ್‌ಫರ್ ಖರ್ಚು ಎಲ್ಲ ಸೇರಿ ಆದಾಯದ ಶೇ. 85 ಒಳಗಿರ್ಬೇಕು. ಯೂರೋಪ್ ಟೂರ್ನಿ ಆಡೋ ಕ್ಲಬ್ಬಿಗೆ ಅಲ್ಲಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಮಿತಿ ಶೇ. 70. ಹಂಗಾಗಿ ಕಳೆದ ಮೂರ್ನಾಲ್ಕು ವರ್ಷದಲ್ಲಿ ಮಾಡಿದ ತಪ್ಪು ಖರೀದಿ ಈ ಬೇಸಿಗೆಯ ಬಜೆಟ್ಟನ್ನ ತಿಂತಾ ಇರುತ್ತೆ. ಮ್ಯಾನೇಜರ್ ಕಳಿಸೋದಕ್ಕೂ ದುಡ್ಡೇ ಬೇಕು, ಟೆನ್ ಹಾಗ್ ಮತ್ತೆ ಅವರ ಸ್ಟಾಫ್, ಜೊತೆಗೆ ಐದೇ ತಿಂಗಳು ಇದ್ದ ಸ್ಪೋರ್ಟಿಂಗ್ ಡೈರೆಕ್ಟರ್ ಆಶ್‌ವರ್ತ್, ಇವರನ್ನ ಕಳಿಸೋಕೇ 14.5 ಮಿಲಿಯನ್ ಹೋಯ್ತು. ಟೆನ್ ಹಾಗ್‌ಗೆ 2024ರ ಜುಲೈನಲ್ಲಿ ಕಾಂಟ್ರಾಕ್ಟ್ ಮುಂದುವರೆಸಿ ಅಕ್ಟೋಬರ್‌ನಲ್ಲಿ ತೆಗೆದ್ರು, ಎಫ್‌ಎ ಕಪ್ ಫೈನಲ್‌ನ ಒಂದು ಸಂಜೆಯ ಖುಷಿಗೆ ಕೊಟ್ಟ ಕಾಂಟ್ರಾಕ್ಟ್ ಅದು.

ಸರಿಯಾಗಿ ಮಾಡೋರು ಹೇಗೆ ಮಾಡ್ತಾರೆ? ಬ್ರೈಟನ್ ನೋಡಿ. ಕೈಸೆಡೊನ ಈಕ್ವೆಡಾರ್‌ನಿಂದ 5 ಮಿಲಿಯನ್ ಒಳಗೆ ತಂದು 2023ರಲ್ಲಿ ಚೆಲ್ಸಿಗೆ 100 ಮಿಲಿಯನ್ ಮೇಲೆ ಮಾರಿದ್ರು ಅನ್ನೋದು ಎಲ್ಲರಿಗೂ ಗೊತ್ತು, ಆದ್ರೆ ನನಗೆ ಅದಕ್ಕಿಂತ ದೊಡ್ಡದು ಅನ್ಸೋದು 2022ರ ಸೆಪ್ಟೆಂಬರ್. ಸೀಸನ್ ಮಧ್ಯೆ ಅವರ ಮ್ಯಾನೇಜರ್ ಪಾಟರ್‌ನ ಚೆಲ್ಸಿ ಎತ್ಕೊಂಡು ಹೋಯ್ತು, ಅವರ ಜೊತೆ ಸ್ಟಾಫೂ ಹೋದ್ರು. ಬ್ರೈಟನ್‌ನವರು ಡಿ ಜರ್ಬಿನ ಕರೆಸಿದ್ರು, ಅದೇ ಸ್ಕ್ವಾಡಲ್ಲಿ ಹಿಂದಿನಿಂದ ಬಾಲ್ ಆಡ್ಕೊಂಡು ಬರೋ ಆಟ ಇನ್ನೂ ಹರಿತ ಆಯ್ತು, 6ನೇ ಸ್ಥಾನ, ಕ್ಲಬ್ ಚರಿತ್ರೇಲೇ ಮೊದಲ ಸಲ ಯೂರೋಪ್. ಮ್ಯಾನೇಜರ್ ಬದಲಾದ್ರೂ ಪ್ಲೇಯರ್‌ಗಳು ಬೇಡದವರಾಗ್ಲಿಲ್ಲ. ಲಿವರ್‌ಪೂಲ್‌ನ ಹೊಗಳೋಕೆ ನನ್ನ ಕೈ ಬರಲ್ಲ, ಆದ್ರೂ ಇದ್ದಿದ್ದು ಹೇಳ್ಬೇಕು, ಕ್ಲಾಪ್ ಹೋದ್ಮೇಲೆ 2024ರ ಬೇಸಿಗೇಲಿ ಸ್ಲಾಟ್ ಟೀಮಿಗೆ ಆ ಸೀಸನ್ ಆಡೋಕೆ ಬಂದ ಹೊಸಬ ಕಿಯೇಸಾ ಒಬ್ಬನೇ, ಆದ್ರೂ ಲೀಗ್ ಗೆದ್ರು. ಕ್ಲಾಪ್ ಟೀಮಿಗೆ ಹೊಂದೋ ಕೋಚ್ ಯಾರು ಅಂತ ಹುಡುಕಿ ತಂದಿದ್ರು, ಕೋಚ್‌ಗೆ ಹೊಂದೋ ಟೀಮ್ ಕಟ್ಟೋಕೆ ಹೋಗ್ಲಿಲ್ಲ.

ಹಂಗಾದ್ರೆ ಹೊಸಬ್ರು ಕೇಳಿದ್ದೆಲ್ಲ ಕೊಡಿಸ್ಬೇಕಾ ಅಂದ್ರೆ, ಇಲ್ಲ. ನನಗೆ ಇಂಥಾ ಕೆಲಸ ಮಾಡೋ ಮಿಡ್‌ಫೀಲ್ಡರ್ ಬೇಕು ಅಂತ ಹೇಳೋ ಹಕ್ಕು ಮ್ಯಾನೇಜರ್‌ದು. ಆ ಕೆಲಸಕ್ಕೆ ಇಂಥಿಂಥಾ ಮೂರ್ನಾಲ್ಕು ಜನ ಇದಾರೆ, ವಯಸ್ಸು ಇಷ್ಟು, ಸಂಬಳ ಇಷ್ಟು, ಮೂರು ವರ್ಷ ಬಿಟ್ಟು ಮಾರಿದ್ರೆ ಇಷ್ಟು ಬರ್ಬಹುದು ಅಂತ ತರೋದು ಸ್ಕೌಟಿಂಗ್‌ನವ್ರು ಮತ್ತೆ ಡೈರೆಕ್ಟರ್. ಅದ್ರಲ್ಲಿ ಒಬ್ಬ ಬೇಡವೇ ಬೇಡ ಅಂದ್ರೆ ಮ್ಯಾನೇಜರ್ ಮಾತಿಗೆ ಬೆಲೆ ಕೊಡ್ಬೇಕು, ಯಾಕಂದ್ರೆ ಶನಿವಾರ ಆಡಿಸೋದು ಅವರು. ಆದ್ರೆ ನಾನು ಹಳೇ ಕ್ಲಬ್ಬಲ್ಲಿ ಆಡಿಸ್ತಿದ್ದೆ, ಅವನನ್ನೇ ತನ್ನಿ ಅಂದ್ರೆ ಒಪ್ಪಬಾರ್ದು.

ಈಗ ನಿಮ್ಮ ಪಾರ್ಟಿಗಳ ಕಡೆ ಬರ್ತೀನಿ. ಜಿಡಾನ್ ಪಾರ್ಟಿಯವರೇ, ರಿಯಲ್ ಮ್ಯಾಡ್ರಿಡ್‌ಗೆ 2016, 17, 18 ಸತತ ಮೂರು ಚಾಂಪಿಯನ್ಸ್ ಲೀಗ್, ಅದನ್ನ ಯಾರೂ ಅಲ್ಲಗಳೆಯೋಕಾಗಲ್ಲ. ಆದ್ರೆ ಅದು ಮೊಡ್ರಿಚ್, ಕ್ರೂಸ್, ರಾಮೋಸ್, ರೊನಾಲ್ಡೊ ಇದ್ದ ಡ್ರೆಸ್ಸಿಂಗ್ ರೂಮು, ಕಟ್ಟಿ ರೆಡಿ ಇದ್ದ ಟೀಮಿನಿಂದ ಬೆಸ್ಟ್ ತೆಗೆಯೋ ಕೆಲಸ. ಯುನೈಟೆಡ್‌ಗೆ ಈಗ ಬೇಕಿರೋದು ಕಟ್ಟೋರು, ಮೇಲಾಗಿ 2021ರಿಂದ ಅವರು ಯಾವ ಟೀಮನ್ನೂ ನಡೆಸಿಲ್ಲ. ದೊಡ್ಡ ಹೆಸರು ಬಂದ್ರೆ ಮತ್ತೆ ಕೇಳಿದ್ದೆಲ್ಲ ಕೊಡ್ಸೋ ಒತ್ತಡ ಬರುತ್ತೆ, ವಾನ್ ಹಾಲ್, ಮೌರಿನ್ಯೋ ಹತ್ರ ಅದನ್ನ ನೋಡಾಯ್ತು.

ಗ್ಲಾಸ್ನರ್ ಮೇಲೆ ನನಗೆ ಗೌರವ ಜಾಸ್ತಿ, 2022ರಲ್ಲಿ ಫ್ರಾಂಕ್‌ಫರ್ಟ್‌ಗೆ ಯುರೋಪಾ ಲೀಗ್, 2025ರಲ್ಲಿ ಮ್ಯಾಂಚೆಸ್ಟರ್ ಸಿಟೀನ ಸೋಲಿಸಿ ಕ್ರಿಸ್ಟಲ್ ಪ್ಯಾಲೇಸ್‌ಗೆ ಎಫ್‌ಎ ಕಪ್. ಆದ್ರೆ ಅವರೂ ಹಿಂದೆ ಮೂರು ಜನ ಇಡೋರೇ, ಶೇಪು ಅದೇ 3-4-2-1. ಕ್ಲಬ್ಬು ಆ ಶೇಪೇ ನಮ್ದು ಅಂತ ತೀರ್ಮಾನ ಮಾಡಿದ್ರೆ ಇವರಿಗಿಂತ ಒಳ್ಳೇವ್ರು ಇಲ್ಲ, ಇಲ್ಲಾಂದ್ರೆ ಕರೆಯೋದೇ ಬೇಡ.

ನನ್ನ ಓಟು ಇರಾವೊಲಾಗೆ. 2023ರಲ್ಲಿ ಬೋರ್ನ್‌ಮತ್‌ಗೆ ಬಂದಾಗ ಮೊದಲ 9 ಲೀಗ್ ಮ್ಯಾಚಲ್ಲಿ ಒಂದೂ ಗೆಲ್ಲಲಿಲ್ಲ, ಕ್ಲಬ್ಬು ಅವರನ್ನ ಕೈಬಿಡ್ಲಿಲ್ಲ, 12ನೇ ಸ್ಥಾನದಲ್ಲಿ ಮುಗಿಸಿದ್ರು. ಮುಂದಿನ ಬೇಸಿಗೇಲಿ ಗೋಲ್ ಹೊಡೀತಿದ್ದ ಸೊಲಂಕೆನೇ ಮಾರಿದ್ರು, ಅವರು ಗೊಣಗ್ಲಿಲ್ಲ, 56 ಪಾಯಿಂಟ್ ತಗೊಂಡು 9ನೇ ಸ್ಥಾನಕ್ಕೆ ತಂದ್ರು. ಆಮೇಲೆ ಹೌಸನ್, ಕೆರ್ಕೆಜ್, ಜಬಾರ್ನಿ ಅಂತ ಡಿಫೆನ್ಸೇ ಖಾಲಿ ಆದ್ರೂ ಕೆಲಸ ಮುಂದುವರೆಸಿದ್ರು. ಬೇರೆಯವರು ಆರಿಸಿ ಕೊಟ್ಟ ಹುಡುಗರನ್ನ ಬೆಳೆಸಿ ಆಡಿಸೋದು ಅವರಿಗೆ ಅಭ್ಯಾಸ ಇದೆ, ಯುನೈಟೆಡ್‌ಗೆ ಬೇಕಿರೋ ಗುಣ ಅದೇ. ಅವರ ಆಟದಲ್ಲಿ ಪ್ರೆಸ್ಸಿಂಗ್ ವಿಪರೀತ, ಮ್ಯಾನ್ ಟು ಮ್ಯಾನ್ ಹಿಡೀತಾರೆ, ಅದಕ್ಕೆ ಮಿಡ್‌ಫೀಲ್ಡಲ್ಲಿ ಕಾಲಿಗೆ ಶಕ್ತಿ ಇರೋ ಇಬ್ರು ಹೊಸಬ್ರು ಬೇಕೇ ಬೇಕು. ಅದು ಯಾರೇ ಬಂದ್ರೂ ಬೇಕಾದ ಖರೀದಿ, ಅದಕ್ಕೇ ಈ ಬೇಸಿಗೆ ದುಡ್ಡನ್ನ ಮೊದ್ಲು ಅಲ್ಲಿಗೇ ಹಾಕ್ಬೇಕು ಅಂತೀನಿ, 20ರಿಂದ 24 ವಯಸ್ಸಿನವರಿಗೆ.

ಕ್ಯಾರಿಕ್ ಪಾರ್ಟಿಯವರು ಬೇಜಾರಾಗ್ಬೇಡಿ. ಬಂದ ತಕ್ಷಣ ಸಿಟಿ, ಆರ್ಸೆನಲ್ ಇಬ್ರನ್ನೂ ಸೋಲಿಸಿದ ರಾತ್ರಿಗಳಲ್ಲಿ ನಾನೂ ನಿಮ್ಮಷ್ಟೇ ಕೂಗಾಡಿದೀನಿ. ನಾಲ್ಕು ಡಿಫೆಂಡರ್ ವಾಪಸ್ ತಂದ್ರು, ಬ್ರೂನೋನ ಮುಂದಕ್ಕೆ ಕಳಿಸಿದ್ರು, ಪ್ಲೇಯರ್‌ಗಳನ್ನ ಅವರವರ ಜಾಗದಲ್ಲಿ ನಿಲ್ಸಿದ್ರು, ಅಷ್ಟಕ್ಕೇ ಟೀಮ್ ಉಸಿರಾಡ್ತು. ಆದ್ರೆ 2019 ನೆನಪಿದೆ ಅಲ್ವಾ, ಪ್ಯಾರಿಸಲ್ಲಿ 3-1 ಗೆದ್ದ ಆ ಅಮಲಲ್ಲಿ ಮಾರ್ಚ್ 28ಕ್ಕೇ ಸೋಲ್ಶಾರ್‌ನ ಪರ್ಮನೆಂಟ್ ಮಾಡಿದ್ರು, ಆಮೇಲೆ ಲೀಗಲ್ಲಿ ಉಳಿದಿದ್ದ 8 ಮ್ಯಾಚಲ್ಲಿ ಗೆದ್ದಿದ್ದು ಎರಡೇ. ಸೀಸನ್ ಮುಗೀಲಿ, ಕೊನೇ ಮ್ಯಾಚ್ ಆದ್ಮೇಲೆ ಕ್ಯಾರಿಕ್‌ನೂ ಇರಾವೊಲಾನೂ ಒಂದೇ ಟೇಬಲ್ ಮೇಲಿಟ್ಟು ನೋಡ್ಲಿ. ಮಿಡಲ್ಸ್‌ಬರೋದಲ್ಲಿ ಎರಡೂವರೆ ವರ್ಷ ದಿನಾ ಟೀಮ್ ನಡೆಸಿದ ಅನುಭವ ಕ್ಯಾರಿಕ್‌ಗಿದೆ, ಬರೀ ಹಳೇ ಪ್ರೀತಿ ಮೇಲೆ ಬಂದವರಲ್ಲ. ಅವರೇ ಸಿಕ್ರೆ ನನಗೆ ಬೇಸರ ಇಲ್ಲ, ಆದ್ರೆ ಅವಸರದಲ್ಲಿ ಸಿಗಬಾರ್ದು.

ಇನ್ನು ಮೈನೂ. ಈ ಪ್ರಶ್ನೆ ಕೇಳ್ಬೇಕಾಗಿ ಬಂದಿದ್ದೇ ನನಗೆ ಸಂಕಟ. ಅಕಾಡೆಮಿ ಹುಡುಗನ ಬೆಲೆ ಪುಸ್ತಕದಲ್ಲಿ ಸೊನ್ನೆ, ಹಂಗಾಗಿ 50 ಮಿಲಿಯನ್‌ಗೆ ಮಾರಿದ್ರೆ 50ಕ್ಕೆ 50 ಲಾಭ ಅಂತ ಕಾಣುತ್ತೆ, ಆ ಆಸೆಗೇ ಕ್ಲಬ್ಬುಗಳು ಮನೆ ಮಕ್ಕಳನ್ನೇ ಮೊದ್ಲು ಮಾರ್ತಾ ಇರೋದು. 2024ರಲ್ಲಿ ಮ್ಯಾಕ್‌ಟಾಮಿನೇನ 25 ಮಿಲಿಯನ್ ಚಿಲ್ಲರೆಗೆ ನಾಪೊಲಿಗೆ ಕೊಟ್ರು, ಲೆಕ್ಕ ಚೆನ್ನಾಗಿ ಕಾಣ್ತು, ಮುಂದಿನ ಬೇಸಿಗೆ ಹೊತ್ತಿಗೆ ಅವನು ಇಟಲಿ ಲೀಗ್ ಗೆದ್ದು ಅಲ್ಲಿನ ಬೆಸ್ಟ್ ಪ್ಲೇಯರ್ ಆಗಿದ್ದ. ಅವನ ಜಾಗಕ್ಕೆ ತಂದ ಉಗಾರ್ಟೆಗೆ ಅದಕ್ಕಿಂತ ಜಾಸ್ತಿ ಕೊಟ್ಟಿದ್ರು. ಮೈನೂ 2005ರಲ್ಲಿ ಹುಟ್ಟಿದ ಹುಡುಗ, 2024ರ ಎಫ್‌ಎ ಕಪ್ ಫೈನಲಲ್ಲಿ ಸಿಟಿ ಮೇಲೆ ಗೋಲ್ ಹೊಡೆದವನು, ಲಿಯಾನ್ ಮೇಲೆ 5-4 ಗೆದ್ದ ಆ ಹುಚ್ಚು ರಾತ್ರಿ 120ನೇ ನಿಮಿಷದಲ್ಲಿ ಸಮ ಮಾಡಿದವನು. ಅಮೋರಿಮ್ ಅವನನ್ನ ಬೆಂಚಲ್ಲಿ ಕೂರಿಸಿದ್ರು, ಕ್ಯಾರಿಕ್ ಮೊದಲ ಮ್ಯಾಚಲ್ಲೇ ಸ್ಟಾರ್ಟ್ ಮಾಡಿಸಿದ್ರು. ಒತ್ತಡ ಬಂದಾಗ ಬಾಲನ್ನ ಮೈಗೆ ಅಡ್ಡ ಇಟ್ಕೊಂಡು ತಿರುಗ್ತಾನಲ್ಲ, ಎದುರಾಳಿ ಯಾವ ಕಡೆಯಿಂದ ಬರ್ತಾನೆ ಅಂತ ಬಾಲ್ ಬರೋ ಮುಂಚೇನೇ ಹೆಗಲ ಮೇಲಿಂದ ನೋಡಿರ್ತಾನೆ, ಮುಂದಿನ ಮ್ಯಾಚಲ್ಲಿ ಬಾಲ್ ಬಿಟ್ಟು ಅವನ ತಲೇನೇ ಗಮನಿಸಿ. 1937ರಿಂದ ಈವತ್ತಿನವರೆಗೂ ಅಕಾಡೆಮಿ ಹುಡುಗ ಒಬ್ಬನಾದ್ರೂ ಇಲ್ಲದ ಸ್ಕ್ವಾಡ್ ಈ ಕ್ಲಬ್ ಇಳಿಸಿಲ್ಲ. ಇಂಥವನನ್ನ ಮಾರಿ ಬಂದ ದುಡ್ಡಲ್ಲಿ ಅದೇ ಜಾಗಕ್ಕೆ ಇನ್ನೊಬ್ಬನನ್ನ ಕೊಳ್ಳೋಕೆ ಹೋದ್ರೆ ಅವನಿಗಿಂತ ದುಬಾರಿ ಬೀಳುತ್ತೆ, ಅಂಥವನು ಸಿಗ್ತಾನೆ ಅನ್ನೋ ಗ್ಯಾರಂಟೀನೂ ಇಲ್ಲ. ಮಾರ್ಬೇಡಿ. ದುಡ್ಡು ಬೇಕು ಅಂದ್ರೆ ಉಗಾರ್ಟೆನ ಮಾರಿ, ಲೋನಲ್ಲಿ ಹೊರಗಿರೋರ ಲೆಕ್ಕ ಮುಗಿಸಿ, ದೊಡ್ಡ ಸಂಬಳದವರನ್ನ ಬಿಟ್ಟುಕೊಡಿ, ಮೈನೂಗೆ ಪಕ್ಕದಲ್ಲಿ ಓಡೋ ಒಬ್ಬನನ್ನ ತಂದುಕೊಡಿ.